ಭಾವನ ಊರಿನ ಜನಸಂಖ್ಯೆ

ಹೋದ ವಾರ ನಮ್ಮ ಡಾಕ್ಟರರು ನನ್ನ ರಕ್ತಪರೀಕ್ಷೆಯ ಕಾಗದ ನೋಡಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, "ಆಂಟೀ, ಧೂಪ್ ಮೇ ಜಾತೀ ಹೀ ನಹೀ ಕ್ಯಾ?" ಎಂದರು. ಬಿಸಿಲಿಗೇ ಹೋಗುವುದಿಲ್ಲವೆ ಎಂದು. ಈ ಮುಂಬಯಿಯಲ್ಲಿ ಅರ್ಧ ಆಯುಷ್ಯ ಬೆವರು ಒರೆಸಿಕೊಂಡವಳನ್ನು ಕೇಳುವ ಮಾತೇ ಇದು? ಹತ್ತೊಂಬತ್ತನೆಯ ಮಹಡಿಯಲ್ಲಿ, ಸೂರ್ಯನ ಪಕ್ಕದ ಮನೆಯವಳ ಹಾಗೆ ಇರುವವಳಿಗೆ ಬಿಸಿಲಿನ ಕೊರತೆ ಎಂದರೆ ನೀವಾದರೂ ನಂಬುತ್ತೀರಾ? ಆದರೆ ಕಾಗದದಲ್ಲಿ ಹಾಗೇ ಬಂದಿತ್ತು. ವಾರಕ್ಕೊಂದು ನುಂಗಿ ಎಂದು ವಿಟಮಿನ್ ಗುಳಿಗೆ ಬರೆದುಕೊಟ್ಟರು. ಮನೆಗೆ ಬಂದು ಒಂದನ್ನು ಬಿಡಿಸಿ ಅಂಗೈ ಮೇಲೆ ಇಟ್ಟುಕೊಂಡೆ. ಹಳದಿ ಬಣ್ಣದ್ದು, ಒಳಗೆ ಎಣ್ಣೆ ತುಂಬಿದ್ದು. ನೀರಿನ ಲೋಟ ಹಿಡಿದು ನಿಂತವಳು ನುಂಗುವುದನ್ನು ಮರೆತೇಬಿಟ್ಟೆ. ಸಾವಿತ್ರಕ್ಕ ನೆನಪಾದಳು. ಒಂದು ಅಂಗೈಯಷ್ಟು ಬಿಸಿಲಿಗಾಗಿ ಇಡೀ ಚಳಿಗಾಲ ಕಾದಿದ್ದವಳು.

ನಾನು ಮದುವೆಯಾಗಿ ಭಾಂಡುಪಿಗೆ ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ. ಆಗ ಭಾಂಡುಪ್ ಎಂದರೆ ಹೊತ್ತುಹೊತ್ತಿಗೆ ಕೂಗುವ ಕಾರ್ಖಾನೆಗಳ ಭೋಂಗಾ, ಪಾಳಿ ಮುಗಿಸಿ ಹೊರಬರುವ ಗಂಡಸರ ಸೈಕಲ್ಲು, ಪಶ್ಚಿಮಕ್ಕೆ ಗುಡ್ಡ, ಗುಡ್ಡದ ಮೈತುಂಬ ಗುಡಿಸಲು. ನಮ್ಮದು ಎರಡು ಮಹಡಿಯ ಹಳೆಯ ಬಿಲ್ಡಿಂಗು. ನಮ್ಮವರಿಗೆ ಬ್ಯಾಂಕಿನ ಕೆಲಸ. ಬೆಳಿಗ್ಗೆ ಲೋಕಲ್ ಹಿಡಿದು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಮೈಸೂರಿನ ಕಡೆಯಿಂದ ಬಂದ ನನಗೆ ಹಿಂದಿ ಬಾರದು, ಮರಾಠಿ ಬಾರದು, ಮೀನಿನ ವಾಸನೆ ಆಗದು. ಮೊದಲನೆಯ ದಿನವೇ ಮೊದಲನೆಯ ಮಹಡಿಯ ಅಡುಗೆಮನೆಯಲ್ಲಿ ಕೂತು ಅತ್ತೆ. ಕೆಳಗಿನ ಹಿತ್ತಲಿನಿಂದ ಯಾರೋ ಕನ್ನಡದಲ್ಲಿ ಕೂಗಿದರು:

"ಯಾರೇ ಅದು ಅಳೋದು? ಅಳೋದಾದ್ರೆ ಕೆಳಗೆ ಬಂದು ಅಳು, ಕಾಫಿ ಇಟ್ಟಿದೀನಿ."

ಅದು ಸಾವಿತ್ರಕ್ಕ. ನಂಜನಗೂಡಿನ ಕಡೆಯವಳು, ಆಗಲೇ ಐವತ್ತರ ಹತ್ತಿರ ಇದ್ದಳು. ನಾನು ಮರ್ಯಾದೆಗೆ "ನೀವು" ಎಂದರೆ, "ನೀವು ಗೀವು ಅಂದ್ರೆ ಕಾಫಿ ಇಲ್ಲ" ಎಂದು ಲೋಟ ಹಿಂದಕ್ಕೆ ಎಳೆದುಕೊಂಡಳು. ಹೀಗೆ ಅವಳು ಏಕವಚನದ ಅಕ್ಕನಾದಳು, ಅವಳ ಗಂಡ ಶ್ರೀಕಂಠಯ್ಯನವರು ಬಹುವಚನದ ಭಾವನಾದರು. ರಕ್ತಸಂಬಂಧವೇನೂ ಇರಲಿಲ್ಲ. ಮಕ್ಕಳಿಲ್ಲದ ಆ ಮನೆಯಲ್ಲಿ ನನಗೆ ದಿನಕ್ಕೆರಡು ಸಲ ಕಾಫಿಯೂ ಬೇಡವೆಂದರೂ ಬುದ್ಧಿವಾದವೂ ಸಿಗುತ್ತಿದ್ದವು.

ಭಾವ ಹತ್ತಿರದ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಯಂತ್ರಗಳನ್ನು ಮಾಡುವ ಕಾರ್ಖಾನೆ. ಹೊರದೇಶದ ಕಂಪನಿಯೊಂದರ ಜೊತೆ ಅದಕ್ಕೆ ಒಪ್ಪಂದವಿತ್ತು. ನಾನು ಬರುವುದಕ್ಕೆ ಕೆಲವು ವರ್ಷ ಮುಂಚೆ ಭಾವನನ್ನು ತರಬೇತಿಗೆಂದು ಯುರೋಪಿಗೆ, ಆಲ್ಪ್ಸ್ ಬೆಟ್ಟಗಳ ನಡುವಿನ ಒಂದು ಕಣಿವೆಗೆ ಕಳಿಸಿದ್ದರು. ಕೆಲಸ ಕಣಿವೆಯ ಕೆಳಗಿನ ಪಟ್ಟಣದಲ್ಲಿ. ಆದರೆ ಅಲ್ಲಿ ಮನೆ ಸಿಗದೆ, ಬಸ್ಸಿನ ಕೊನೆಯ ನಿಲ್ದಾಣವಾದ ಒಂದು ಸಣ್ಣ ಊರಿನಲ್ಲಿ, ಮುದುಕಿಯೊಬ್ಬಳ ಮನೆಯ ಮಹಡಿಯ ಕೋಣೆಯಲ್ಲಿ ಒಂದು ಚಳಿಗಾಲ ಕಳೆದರು. ಆ ಊರಿನ ಹೆಸರು ನಮ್ಮ ನಾಲಿಗೆಗೆ ಹತ್ತುವಂಥದ್ದಲ್ಲ. ಭಾವನೇ ಒಂದು ದಿನ ಹೇಳಿದಂತೆ ಇನ್ನೊಂದು ದಿನ ಹೇಳುತ್ತಿರಲಿಲ್ಲ. ಆದ್ದರಿಂದ ಬಿಲ್ಡಿಂಗಿನಲ್ಲಿ ಎಲ್ಲರೂ ಅದನ್ನು "ಭಾವನ ಊರು" ಎಂದೇ ಕರೆಯುತ್ತಿದ್ದೆವು. ನಂಜನಗೂಡು ಅವರಿಗೆ ಹುಟ್ಟಿದೂರು ಮಾತ್ರವಾಯಿತು.

ಆ ಊರಿನ ಭೂಗೋಳ ನನಗೆ ನಮ್ಮ ತಾಲ್ಲೂಕಿನ ಭೂಗೋಳಕ್ಕಿಂತ ಚೆನ್ನಾಗಿ ಗೊತ್ತು. ಉತ್ತರಕ್ಕೂ ದಕ್ಷಿಣಕ್ಕೂ ಬೆಟ್ಟ, ನಡುವೆ ಸುಣ್ಣದ ತಿಳಿಯಂಥ ಬಣ್ಣದ ಹೊಳೆ. ಕೆಳಗೆ ಮನೆಗಳು, ಅದರ ಮೇಲೆ ಪೈನ್ ಮರದ ಕಾಡು, ಕಾಡಿನ ಮೇಲೆ ದನ ಮೇಯುವ ಹುಲ್ಲುಗಾವಲು, ಅದರ ಮೇಲೆ ಬರೀ ಬಂಡೆ, ಬಂಡೆಯ ಮೇಲೆ ಕರಗದ ಹಿಮ. ಜನ ಮುನ್ನೂರು ಚಿಲ್ಲರೆ. ದನ ಅದಕ್ಕಿಂತ ಜಾಸ್ತಿ. ಇಷ್ಟು ಜನಕ್ಕೆ ಒಂದು ಪುರಸಭೆ, ಆ ಪುರಸಭೆಗೆ ಒಬ್ಬ ಅಧ್ಯಕ್ಷ. ಆತ ಬೆಳಿಗ್ಗೆ ಹಾಲು ಕರೆದು, ಕೈ ತೊಳೆದು, ಆಮೇಲೆ ಕಚೇರಿಯ ಬಾಗಿಲು ತೆಗೆಯುತ್ತಿದ್ದನಂತೆ. ನಮ್ಮವರು ಇದನ್ನು ಕೇಳಿ, "ನಾನು ಬರೋ ಲೋಕಲ್ಲಿನ ಒಂದು ಡಬ್ಬಿಯಲ್ಲಿ ನಿಮ್ಮ ಇಡೀ ಪುರಸಭೆ ಹಿಡಿಸುತ್ತೆ ಬಿಡಿ ಭಾವ, ದನ ಬಿಟ್ಟು" ಎಂದಿದ್ದರು. ಒಮ್ಮೆ ಮಾಟುಂಗದ ಕನ್ನಡ ಸಂಘವೊಂದರವರು ಪ್ರವಾಸದ ಅನುಭವ ಹೇಳಿ ಎಂದು ಭಾವನನ್ನು ಕರೆದರು. ಇವರು ಕಪ್ಪುಹಲಗೆಯ ಮೇಲೆ ಕಣಿವೆಯ ಅಡ್ಡಸೀಳು ನಕ್ಷೆ ಬರೆದು, ನೀರು ಎಲ್ಲಿಂದ ಹರಿದು ಎಲ್ಲಿಗೆ ಹೋಗುತ್ತದೆ, ಯಾವ ಎತ್ತರದಲ್ಲಿ ಎಷ್ಟು ಮನೆ, ಹುಡುಗರೆಲ್ಲ ಪಟ್ಟಣಕ್ಕೆ ಇಳಿದು ಶಾಲೆ ಹೇಗೆ ಮುಚ್ಚಿತು ಎಂದು ವಿವರಿಸತೊಡಗಿದರು. ಜನ ಒಬ್ಬೊಬ್ಬರಾಗಿ ಎದ್ದು ಎದುರಿನ ಉಡುಪಿ ಹೋಟೆಲಿಗೆ ನಡೆದರು. ಕೊನೆಗೆ ಉಳಿದದ್ದು ಸಂಘದ ಅಧ್ಯಕ್ಷರು, ಸಾವಿತ್ರಕ್ಕ, ನಮ್ಮವರು, ನಾನು. ಅಧ್ಯಕ್ಷರು ನಿದ್ದೆ ಮಾಡುತ್ತಿದ್ದರು.

"ಅಲ್ಲಿ ಇವರಿಗೆ ಇನ್ನೊಂದು ಸಂಸಾರ ಇದೆ ಕಣೇ," ಎಂದು ಸಾವಿತ್ರಕ್ಕ ವಾಪಸು ಬರುವಾಗ ರೈಲಿನ ಲೇಡೀಸ್ ಡಬ್ಬಿಯಲ್ಲಿ ನನ್ನ ಕಿವಿಯಲ್ಲಿ ಹೇಳಿದಳು. "ಇಲ್ದೇ ಇದ್ರೆ ಜನಸಂಖ್ಯೆ ಅಷ್ಟು ಸರಿಯಾಗಿ ಹ್ಯಾಗೆ ಗೊತ್ತಿರುತ್ತೆ?"

ಅವಳ ಬಾಯಿ ಹಾಗೆ. ಆದರೆ ಭಾವ ಆ ಊರಿನ ಒಂದು ಪದ್ಧತಿಯ ಬಗ್ಗೆ ಹೇಳುವಾಗ ಮಾತ್ರ ಅವಳು ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿ ಕೇಳುತ್ತಿದ್ದಳು. ದಕ್ಷಿಣದ ಬೆಟ್ಟ ಎಷ್ಟು ಎತ್ತರವೆಂದರೆ, ಚಳಿಗಾಲ ಹತ್ತಿರ ಬಂದ ಹಾಗೆ ಕೆಳಗಿಳಿಯುವ ಸೂರ್ಯ ಒಂದು ದಿನ ಅದರ ಹಿಂದೆಯೇ ಉಳಿದುಬಿಡುತ್ತಾನೆ. ಆಮೇಲೆ ತಿಂಗಳುಗಟ್ಟಲೆ ಆ ಊರಿಗೆ ಬಿಸಿಲಿಲ್ಲ. ಆಕಾಶ ಬೆಳಗಿರುತ್ತದೆ, ಎದುರಿನ ಬೆಟ್ಟದ ನೆತ್ತಿ ಹೊಳೆಯುತ್ತಿರುತ್ತದೆ, ಊರು ಮಾತ್ರ ನೆರಳಿನಲ್ಲಿ. ಮತ್ತೆ ಬಿಸಿಲು ಬರುವ ದಿನ ಯಾವುದೆಂದು ಅಲ್ಲಿಯ ಮಕ್ಕಳಿಗೂ ಗೊತ್ತು. ಆವತ್ತು ಎಲ್ಲರೂ ಇಗರ್ಜಿಯ ಮುಂದಿನ ಬಯಲಿಗೆ ಬರುತ್ತಾರೆ. ಹುಲ್ಲುಗಾವಲಿನ ಗಡಿಗಾಗಿ ಅಜ್ಜಂದಿರ ಕಾಲದಿಂದ ಮಾತು ಬಿಟ್ಟವರೂ ಬರುತ್ತಾರೆ. ಊರಿನ ಅತಿ ಹಿರಿಯ ಹೆಂಗಸನ್ನು ಕುರ್ಚಿಸಹಿತ ಎತ್ತಿಕೊಂಡು ಬಂದು, ಮೊದಲ ಬಿಸಿಲು ಬೀಳುವ ಜಾಗದಲ್ಲಿ ಕೂರಿಸುತ್ತಾರೆ. ಬೆಟ್ಟದ ಒಂದು ಕೊರಕಲಿನಿಂದ ಬಿಸಿಲು ಇಣುಕುತ್ತದೆ. ಆಗ ಅಧ್ಯಕ್ಷ ಟೋಪಿ ತೆಗೆದು, ಗಟ್ಟಿಯಾಗಿ ತಲೆ ಎಣಿಸುತ್ತಾನೆ. ಚಳಿಗಾಲ ದಾಟಿ ಬಂದವರು ಇಷ್ಟು ಎಂದು ಹೇಳುತ್ತಾನೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಸ್ವಲ್ಪ ಹೊತ್ತಿಗೆ ಬಿಸಿಲು ಹೋಗುತ್ತದೆ, ಮನೆಗೆ ನಡೆಯುತ್ತಾರೆ.

"ಆ ವರ್ಷ ನನ್ನನ್ನೂ ಸೇರಿಸಿ ಎಣಿಸಿದ್ರು," ಎನ್ನುತ್ತಿದ್ದರು ಭಾವ. "ಇಷ್ಟು ವರ್ಷ ಬೊಂಬಾಯಲ್ಲಿದೀನಿ. ಯಾರು ಎಣಿಸಿದಾರೆ ಹೇಳಮ್ಮ?"

ಇದೆಲ್ಲ ಕಥೆಯ ಹಾಗೆ ಕೇಳಿಕೊಂಡು ನಾವು ಇರುತ್ತಿದ್ದೆವೇನೋ. ಆದರೆ ಅಷ್ಟರಲ್ಲಿ ನಮ್ಮ ಹಿತ್ತಲಿನ ಆಚೆಯ ಖಾಲಿ ಜಾಗಕ್ಕೆ ಬಿಲ್ಡರೊಬ್ಬ ಬಂದ. ಸಾವಿತ್ರಕ್ಕನ ಮನೆ ನೆಲಮಟ್ಟದ್ದು. ಪೂರ್ವಕ್ಕೆ ಗೋಡೌನಿನ ಗೋಡೆ, ಪಶ್ಚಿಮಕ್ಕೆ ನಮ್ಮದೇ ಬಿಲ್ಡಿಂಗಿನ ಇನ್ನೊಂದು ಪಕ್ಕೆ. ಅವಳ ಪಾಲಿಗೆ ಬಿಸಿಲು ಬರುತ್ತಿದ್ದುದು ದಕ್ಷಿಣದ ಹಿತ್ತಲ ಬಾಗಿಲಿನಿಂದ ಮಾತ್ರ. ಬಾಗಿಲ ಮುಂದೆ ಒಂದು ಕಲ್ಲಿನ ಮೆಟ್ಟಿಲು, ಆಮೇಲೆ ಕಾಂಪೌಂಡ್ ಗೋಡೆ, ಅದರ ಆಚೆ ಆ ಖಾಲಿ ಜಾಗ. ಆ ಮೆಟ್ಟಿಲ ಮೇಲೆ ಅವಳು ಹಪ್ಪಳ ಒಣಗಿಸುತ್ತಿದ್ದಳು, ಮೆಣಸಿನಕಾಯಿ ಒಣಗಿಸುತ್ತಿದ್ದಳು, ತನ್ನ ಮೊಣಕಾಲನ್ನೂ ಒಣಗಿಸುತ್ತಿದ್ದಳು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅವಳ ಮೂಳೆಗಳಲ್ಲೂ ಎದೆಯಲ್ಲೂ ಉಳಿದುಕೊಂಡಿತ್ತು. ಥಂಡಿಯಾದರೆ ಕೀಲು ಊದುತ್ತಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಬಿಸಿಲಿನಲ್ಲಿ ಕೂತಾಗ ಮಾತ್ರ ಮುಖದ ಗಂಟು ಸಡಿಲುತ್ತಿತ್ತು.

ಹೊಸ ಬಿಲ್ಡಿಂಗು ನಾಲ್ಕು ಮಹಡಿ ಎದ್ದಿತು. ಆ ವರ್ಷ ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಮೆಟ್ಟಿಲ ಮೇಲಿನ ಬಿಸಿಲು ಹೋಯಿತು. ಸಾವಿತ್ರಕ್ಕ ಹಪ್ಪಳದ ತಟ್ಟೆ ಹಿಡಿದುಕೊಂಡು ಅಲ್ಲಿಂದಿಲ್ಲಿಗೆ ಓಡಾಡಿದಳು, ಬಿಲ್ಡರನಿಗೆ ಮೈಸೂರಿನ ಬೈಗುಳಗಳಲ್ಲಿ ಒಳ್ಳೊಳ್ಳೆಯವನ್ನೇ ಆರಿಸಿ ಬೈದಳು. ಭಾವ ಮಾತ್ರ ಹಿತ್ತಲಲ್ಲಿ ನಿಂತು ಮೇಲೆ ನೋಡಿ, "ಸಾವಿತ್ರೀ, ಬೆಟ್ಟ ಬಂತು ಕಣೆ!" ಎಂದರು. ಅವರ ದನಿಯಲ್ಲಿ ಸಂತೋಷವಿತ್ತು ಎಂದು ನಾನು ಇಂದಿಗೂ ಆಣೆ ಮಾಡಿ ಹೇಳಬಲ್ಲೆ. ಒಂದು ರಟ್ಟಿಗೆ ದಾರ ಕಟ್ಟಿ, ಕೋನ ಅಳೆದು, ಹಳೆಯ ಪಂಚಾಂಗ ತಿರುವಿ, ರಥಸಪ್ತಮಿಯ ಹೊತ್ತಿಗೆ ಬಿಸಿಲು ಮೆಟ್ಟಿಲಿಗೆ ವಾಪಸು ಬರುತ್ತದೆ ಎಂದು ಹೇಳಿದರು. ಬಂದೇ ಬಂತು. ನಡು ಮಧ್ಯಾಹ್ನ, ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಆವತ್ತು ಇದ್ದದ್ದು ನಾವು ಮೂವರೇ. ಸಾವಿತ್ರಕ್ಕ ಎರಡೂ ಪಾದ ಬಿಸಿಲಿನಲ್ಲಿಟ್ಟು ಕೂತಳು. "ಮುಂದಿನ ವರ್ಷ ಎಲ್ಲರನ್ನೂ ಕರೀತೀನಿ," ಎಂದರು ಭಾವ. "ಕರೀರಿ ಕರೀರಿ, ನನ್ನನ್ನ ಆ ಮುದುಕಿ ಥರ ಕುರ್ಚೀಲಿ ಹೊತ್ಕೊಂಡು ಬನ್ನಿ," ಎಂದು ಅವಳು ನಕ್ಕಳು.

ನಗುವಿಗೆಂದು ಆಡಿದ ಮಾತು. ಆದರೆ ಆ ಮಳೆಗಾಲ ಅವಳನ್ನು ಹಣ್ಣು ಮಾಡಿತು. ಗೋಡೆಯಲ್ಲಿ ನೀರು ಇಳಿಯುತ್ತಿತ್ತು, ಒಗೆದ ಬಟ್ಟೆ ಹಸಿಯಾಗಿಯೇ ನಾರುತ್ತಿತ್ತು, ಅಕ್ಕನ ಕಾಲು ಊದಿ ಚಪ್ಪಲಿ ಹಿಡಿಸದಾಯಿತು. ದೀಪಾವಳಿಯ ಹೊತ್ತಿಗೆ ಹಾಸಿಗೆ ಹಿಡಿದಳು. ಮೆಟ್ಟಿಲ ಬಿಸಿಲು ಹೋದ ದಿನ ಮಲಗಿದಲ್ಲಿಂದಲೇ ಬಾಗಿಲ ಕಡೆ ತಿರುಗಿ, "ಹೋಯ್ತಾ?" ಎಂದಳು. ಸಂಕ್ರಾಂತಿ ಮುಗಿಯುತ್ತಲೇ ಉಸಿರು ಕಟ್ಟಿ, ಪರೇಲಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಎದೆಯ ಕವಾಟ ತೀರಾ ಹಾಳಾಗಿದೆ, ಆಪರೇಷನ್ ತಡೆದುಕೊಳ್ಳುವ ಶಕ್ತಿ ಇಲ್ಲ ಎಂದು ಅಲ್ಲಿಯ ಡಾಕ್ಟರರು ಮೆತ್ತಗೆ ಹೇಳಿದರಂತೆ. ಭಾವ ರಜೆ ಹಾಕಿ ಅಲ್ಲೇ ವರಾಂಡದಲ್ಲಿ ಚಾಪೆ ಹಾಸಿಕೊಂಡರು.

ನಾನು ಊಟದ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದೆ. ಒಂದು ದಿನ ಅವಳು ಗಂಡನನ್ನು ಹತ್ತಿರ ಕರೆದಳು.

"ಆಸ್ಪತ್ರೆ ಸಾಕೂಂದ್ರೆ. ರಥಸಪ್ತಮಿಗೆ ಮನೆಗೆ ಕರ್ಕೊಂಡು ಹೋಗಿ. ನನ್ನ ಮೆಟ್ಲ ಮೇಲೆ ಬಿಸ್ಲು ಬರತ್ತಲ್ಲ, ಅದನ್ನೊಂದು ನೋಡ್ಬೇಕು."

"ಬರತ್ತೆ ಸಾವಿತ್ರಿ. ಲೆಕ್ಕ ಹಾಕಿದೀನಲ್ಲ. ಬೆಟ್ಟ ಏನು ಬೆಳೆಯತ್ತಾ?" ಎಂದರು ಭಾವ. ವರಾಂಡಕ್ಕೆ ಬಂದು ನನಗೆ, "ಎಲ್ರಿಗೂ ಹೇಳಮ್ಮ. ಒಬ್ಬರೂ ತಪ್ಪಬಾರದು" ಎಂದರು.

ಹೇಳುವುದು ಹೇಗೆ? ಸತ್ಯನಾರಾಯಣ ಪೂಜೆಗೆ ಕರೆಯಬಹುದು, ನಾಮಕರಣಕ್ಕೆ ಕರೆಯಬಹುದು. ಬಿಸಿಲು ನೋಡಲು ಬನ್ನಿ ಎಂದು ಮನೆಮನೆಗೆ ಹೋಗಿ ಕರೆಯುವುದು ನನ್ನ ಹಣೆಯಲ್ಲಿ ಬರೆದಿತ್ತು. ಎದುರು ಮನೆಯ ಶೆಟ್ಟರು ಸ್ಟೇಷನ್ ಹತ್ತಿರ ಸಣ್ಣ ಹೋಟೆಲು ನಡೆಸುವವರು. ಅವರು ಕೇಳಿ ಕಣ್ಣರಳಿಸಿದರು.

"ಎಂಥದು ಮಾರಾಯ್ರೆ, ಬೊಂಬಾಯಲ್ಲಿ ಬಿಸಿಲಿಗೆ ಬರಗಾಲವಾ? ನನ್ನ ಅಡಿಗೆ ಕೋಣೆಗೆ ಬನ್ನಿ, ಬೇಕಾದಷ್ಟು ಉಂಟು." ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದರು. "ಅಕ್ಕ ಹೇಗಿದ್ದಾರೆ?... ಸರಿ, ಬರುವಾ. ಕಾಫಿ ನಾನು ತರ್ತೇನೆ."

ಮೇಲಿನ ಮನೆಯ ಮರಾಠಿ ಅಜ್ಜಿಗೆ ನನ್ನ ಮುರುಕು ಹಿಂದಿಯಲ್ಲಿ ಸಂಗತಿ ಹೇಳಿದೆ. ರಥಸಪ್ತಮಿ ಅವರಿಗೂ ಹಬ್ಬವೇ. ಸ್ನಾನಕ್ಕೆ ಬೇಕಾದ ಎಕ್ಕದ ಎಲೆಯನ್ನು ತಾನೇ ತರುತ್ತೇನೆ, ಮಾರುತಿ ಗುಡಿಯ ಮುಂದೆ ಸಿಗುತ್ತದೆ ಎಂದರು. ಹೀಗೆ ಎಲ್ಲರಿಗೂ ಹೇಳಿ ಮುಗಿಸಿದೆ. ಆ ದಿನಗಳಲ್ಲೇ ಹಿತ್ತಲಿನ ಹಿಂದಿನ ಆ ಹೊಸ ಬಿಲ್ಡಿಂಗಿನ ಟೆರೇಸಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆಯ ಸದ್ದು. ಕಬ್ಬಿಣದ ಕಂಬ ನಿಲ್ಲಿಸಿ ತಗಡು ಹೊದಿಸುತ್ತಿದ್ದರು. ಕಿವಿ ಹಾರಿಹೋಗುತ್ತದೆ ಎಂದು ನಾವೆಲ್ಲ ಗೊಣಗಿಕೊಂಡೆವು. ಗೊಣಗಿದೆವು, ಅಷ್ಟೇ. ಅದಕ್ಕೂ ನಾನು ಮನೆಮನೆಗೆ ಕರೆದುಬಂದ ಸಂಗತಿಗೂ ಏನಾದರೂ ಸಂಬಂಧವಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಹಿಂದಿನ ದಿನ ಕತ್ತಲಾದ ಮೇಲೆ ಟ್ಯಾಕ್ಸಿಯಲ್ಲಿ ಅಕ್ಕನನ್ನು ಕರೆತಂದರು. ಆ ವರ್ಷ ರಥಸಪ್ತಮಿ ಭಾನುವಾರವೇ ಬಿದ್ದಿತ್ತು. ಬೆಳಿಗ್ಗೆ ನಾನೇ ಅವಳ ತಲೆ, ಭುಜ, ಮಂಡಿಗಳ ಮೇಲೆ ಎಕ್ಕದ ಎಲೆ ಇಟ್ಟು ಬಿಸಿನೀರು ಹಾಕಿದೆ. ಹಗುರವಾಗಿಬಿಟ್ಟಿದ್ದಳು. ಹಸಿರು ಮೈಸೂರು ರೇಷ್ಮೆ ಸೀರೆ ಬೇಕೆಂದು ಹಟ ಹಿಡಿದು ಉಟ್ಟಳು. ನಾನು ಮೆಟ್ಟಿಲ ಮುಂದೆ ರಥದ ರಂಗೋಲಿ ಹಾಕುತ್ತಿದ್ದಾಗ ಭಾವ ಬೆತ್ತದ ಕುರ್ಚಿ ಎತ್ತಿಕೊಂಡು ಬಂದರು. ಕುರ್ಚಿ ಇಟ್ಟು, ಸೊಂಟ ನೆಟ್ಟಗೆ ಮಾಡಿ, ಒಂದು ಸಲ ಮೇಲೆ ನೋಡಿದರು. ನಾನೂ ನೋಡಿದೆ. ಹೊಸ ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಟೆರೇಸಿನ ಅಂಚಿನ ಮೇಲೆ ಇನ್ನೊಂದು ಮಹಡಿಯಷ್ಟೇ ಎತ್ತರ.

ಅವರು ಆಗಲೇ ತಿಳಿದುಕೊಂಡರು. ದಿನವಿಡೀ ಗೆರೆ, ಕೋನ ಎಂದು ಬದುಕಿದ ಮನುಷ್ಯ, ತಿಳಿಯದೆ ಇರುತ್ತದೆಯೆ? ನಾನು ಬಾಯಿ ತೆರೆದೆ. ಅವರು ತಲೆ ಅಲ್ಲಾಡಿಸಿ ಬೇಡ ಎಂದರು. ಕುರ್ಚಿಯ ಮೇಲೆ ದಿಂಬು ಇಟ್ಟರು, ಎರಡು ಸಲ ತಟ್ಟಿ ಸರಿಮಾಡಿದರು. ಆಮೇಲೆ ಮತ್ತೆ ಮೇಲೆ ನೋಡಲೇ ಇಲ್ಲ.

ಎಲ್ಲರೂ ಬಂದರು. ಟೀವಿ ಆರಿಸಿ ಬಂದರು, ಅಕ್ಕಿ ಒಲೆಯ ಮೇಲಿಟ್ಟು ಬಂದರು. ನಲ್ಲಿಯ ವಿಚಾರಕ್ಕೆ ಎರಡು ವರ್ಷದಿಂದ ಮಾತಾಡದ ಎರಡು ಮನೆಯವರೂ ಬಂದು ಗೋಡೆಯ ಆ ತುದಿಗೊಬ್ಬರು, ಈ ತುದಿಗೊಬ್ಬರು ನಿಂತರು. ಶೆಟ್ಟರು ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ, ಕೈಯಲ್ಲಿ ದೊಡ್ಡ ಫ್ಲಾಸ್ಕು. ಭಾವ ಮತ್ತು ನಮ್ಮವರು ಅಕ್ಕನನ್ನು ಎತ್ತಿಕೊಂಡು ಬಂದು ಕೂರಿಸಿದರು. ಹಿತ್ತಲಿನಲ್ಲಿ ಇಷ್ಟು ಜನ ನಿಂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ನಮ್ಮ ಬಿಲ್ಡಿಂಗಿನ ಗೋಡೆಯ ಮೇಲೆ ಬಿಸಿಲಿನ ಗೆರೆ ಇಳಿಯುತ್ತಿತ್ತು. ಮೇಲಿನ ಅಜ್ಜಿಯ ಕಿಟಕಿ ದಾಟಿತು. ನಮ್ಮ ಅಡುಗೆಮನೆಯ ಕಿಟಕಿ ದಾಟಿತು. ಒಳಗಿನ ಸ್ಟೀಲ್ ಡಬ್ಬಗಳು ಫಳಫಳ ಹೊಳೆದವು. ಸಾವಿತ್ರಕ್ಕನ ಬಾಗಿಲ ಮೇಲಿನ ಸಜ್ಜಾದವರೆಗೆ ಬಂತು. ಅಲ್ಲಿ ನಿಂತಿತು. ಎಲ್ಲರೂ ತಲೆ ಎತ್ತಿ ಅದನ್ನೇ ನೋಡುತ್ತಿದ್ದೆವು. ಭಾವ ಕೈ ಚಾಚಿದ್ದರೆ ಅವರ ಬೆರಳಿಗೆ ಇನ್ನೇನು ಸಿಗುತ್ತಿತ್ತು. ಆಮೇಲೆ ಗೆರೆ ಓರೆಯಾಗಿ, ನಿಧಾನವಾಗಿ ಮೇಲಕ್ಕೆ ಸರಿಯತೊಡಗಿತು.

"ಮೇಲೆ ಎತ್ತಿಕೊಂಡು ಹೋಗುವಾ ಭಾವ," ಎಂದರು ಶೆಟ್ಟರು ತಡೆಯಲಾರದೆ. "ಇವರ ಅಡಿಗೆಮನೆಯಲ್ಲಿ ಬಿಸಿಲು ಉಂಟಲ್ಲ. ನಾಲ್ಕು ಜನ ಹಿಡಿದ್ರೆ ಆಯ್ತು."

"ಬೇಡಿ ಶೆಟ್ರೇ," ಎಂದಳು ಅಕ್ಕ. "ನಾಲ್ಕು ಜನ ಎತ್ಕೊಂಡು ಹೋಗೋದು ಇದ್ದೇ ಇದೆ. ಇವತ್ತೇ ಯಾಕೆ?"

ಶೆಟ್ಟರು ಮುಖ ಆ ಕಡೆ ತಿರುಗಿಸಿಕೊಂಡರು. ಭಾವ ಒಂದು ಹೆಜ್ಜೆ ಮುಂದೆ ಬಂದರು. ತಲೆಯ ಮೇಲೆ ಟೋಪಿ ಇರಲಿಲ್ಲ. ಆದರೂ ಕೈ ತಲೆಗೆ ಹೋಗಿ ಬಂತು. ಎಣಿಸಲು ಶುರುಮಾಡಿದರು. ಒಬ್ಬೊಬ್ಬರ ಕಡೆಗೂ ಕೈ ತೋರಿಸಿ, ಕನ್ನಡದಲ್ಲಿ, ಗಟ್ಟಿಯಾಗಿ. ಮೊದಮೊದಲು ಹುಡುಗಿಯರು ಕಿಸಕ್ಕೆಂದರು. ಆಮೇಲೆ ಅವರ ಕೈ ತಮ್ಮ ಕಡೆ ಬರುವುದನ್ನು ಎಲ್ಲರೂ ಕಾಯತೊಡಗಿದರು. ಮಾತು ಬಿಟ್ಟ ಮನೆಯವರು ಒಂದರ ಹಿಂದೊಂದು ಸಂಖ್ಯೆಯಾದರು. ಮರಾಠಿ ಅಜ್ಜಿ ಸೆರಗು ಸರಿಮಾಡಿಕೊಂಡು ಎಣಿಸಿಕೊಂಡರು. ನನ್ನ ಕಡೆ ಕೈ ಬಂದಾಗ ನನಗೆ ಅಳು ತಡೆಯಲಾಗಲಿಲ್ಲ. ಇಷ್ಟೊಂದು ಗಲಾಟೆಯೇಕೆ ಎಂದು ನೋಡಲು ಹಿಂದಿನ ಬಿಲ್ಡಿಂಗಿನ ವಾಚ್‌ಮನ್ ಕಾಂಪೌಂಡ್ ಗೋಡೆಯ ಮೇಲಿಂದ ತಲೆ ಹಾಕಿದ್ದ. ಭಾವನ ಕೈ ಅವನ ಹತ್ತಿರ ಬಂದು ತಡೆಯಿತು.

"ಅವನನ್ನೂ ಸೇರಿಸ್ಕೊಳ್ಳಿ," ಎಂದಳು ಸಾವಿತ್ರಕ್ಕ. "ನೆರಳು ಅವನ ಬಿಲ್ಡಿಂಗಿಂದೇ ಅಲ್ವೇ?"

ಅವಳಿಗೂ ತಿಳಿದಿತ್ತು. ಗಂಡ ಮೇಲೆ ನೋಡದೆ ಇದ್ದುದನ್ನು ನೋಡಿಯೇ ತಿಳಿದುಕೊಂಡಿದ್ದಳು ಎಂದು ಕಾಣುತ್ತದೆ. ಭಾವ ವಾಚ್‌ಮನ್ನನನ್ನೂ ಎಣಿಸಿದರು. ಆ ಬಡಪಾಯಿ ಏನು ತಿಳಿದುಕೊಂಡನೋ, ಸಲಾಮು ಹೊಡೆದ. ಒಟ್ಟು ಸಂಖ್ಯೆ ಹೇಳಿದರು. ನನಗೆ ಈಗ ಅದು ನೆನಪಿಲ್ಲ. ನೆನಪಿರುವುದು ಆಮೇಲಿನ ಮಾತು.

"ನನ್ನನ್ನ ಸೇರಿಸಿದ್ರಾ?" ಎಂದು ಅಕ್ಕ ಕೇಳಿದಳು.

"ನಿನ್ನಿಂದ್ಲೇ ಶುರು ಮಾಡಿದ್ದು, ಸಾವಿತ್ರಿ."

ಶೆಟ್ಟರು ಎಲ್ಲರಿಗೂ ಕಾಫಿ ಬಗ್ಗಿಸಿಕೊಟ್ಟರು. ಕುಡಿದು, ಒಬ್ಬೊಬ್ಬರೇ ಅವಳ ಕೈ ಮುಟ್ಟಿ ಒಳಗೆ ಹೋದರು. ಆ ವಾರ ಕಳೆಯುವುದರೊಳಗೆ ಅವಳು ಹೋದಳು. ಎತ್ತಿಕೊಂಡವರಲ್ಲಿ ಶೆಟ್ಟರೂ ಒಬ್ಬರು.

ಬಿಸಿಲು ಬಂತು. ಶಿವರಾತ್ರಿಯ ಹೊತ್ತಿಗೆ, ಯಾರೂ ಕರೆಯದೆ, ತಾನಾಗಿಯೇ. ನಮ್ಮ ದಾರದಿಂದ ಕೆಳಗೆ ಬಿದ್ದ ಬಟ್ಟೆ ತರಲು ಹಿತ್ತಲಿಗೆ ಇಳಿದಿದ್ದೆ. ಮೆಟ್ಟಿಲ ಮೇಲೆ ಒಂದು ತಟ್ಟೆಯಷ್ಟು ಬಿಸಿಲು ಬಿದ್ದಿತ್ತು. ಭಾವ ಬಚ್ಚಲಿನ ಬಕೆಟ್ಟು ಹಿಡಿದು ಬಾಗಿಲಿಗೆ ಬಂದವರು ಅದನ್ನು ಕಂಡು ನಿಂತರು. ನನ್ನನ್ನು ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪಂಚೆ ಎತ್ತಿ ಹಿಡಿದು, ಬಿಸಿಲಿಗೆ ಕಾಲು ತಾಗದ ಹಾಗೆ ದಾಟಿಕೊಂಡು ಕೆಳಗಿಳಿದರು, ನೀರು ಚೆಲ್ಲಿ, ಹಾಗೆಯೇ ದಾಟಿಕೊಂಡು ಒಳಗೆ ಹೋದರು. ಅಷ್ಟು ಕೋಪ ನಾನು ಆ ಮನುಷ್ಯನಲ್ಲಿ ಇನ್ನಾವತ್ತೂ ಕಾಣಲಿಲ್ಲ.

ಆಮೇಲೆ ಅವರು ಆಲ್ಪ್ಸ್ ಬೆಟ್ಟದ ಮಾತೆತ್ತಲಿಲ್ಲ. ಸಾಕಪ್ಪ ಸಾಕು ಎಂದು ತಪ್ಪಿಸಿಕೊಳ್ಳುತ್ತಿದ್ದ ನಾವೇ ಈಗ ಕಾಯುವಂತಾಯಿತು. ಒಂದು ಸಂಜೆ ಗೇಟಿನ ಹತ್ತಿರ ಶೆಟ್ಟರು ಅವರನ್ನು ಮಾತಿಗೆಳೆಯಲೆಂದು, "ಏನು ಭಾವ, ನಿಮ್ಮ ಊರಿನ ಜನಸಂಖ್ಯೆ ಈಗ ಎಷ್ಟು?" ಎಂದು ಕೇಳಿದರು. ಭಾವ ಅವರ ಮುಖವನ್ನೇ ನೋಡಿದರು.

"ಯಾವೂರು ಶೆಟ್ರೇ?"

ತೊಂಬತ್ತರ ಆಚೆಗೆ ಭಾಂಡುಪಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಭಾವನ ಕಾರ್ಖಾನೆಯೂ ಮುಚ್ಚಿತು. ಮನೆ ಖಾಲಿ ಮಾಡಿ ಹೋದರು. ತಂಗಿಯ ಮನೆಗೆ ಎಂದು ಒಬ್ಬರು, ಯಾವುದೋ ಮಠಕ್ಕೆ ಎಂದು ಇನ್ನೊಬ್ಬರು ಹೇಳಿದರು. ಎಲ್ಲಿದ್ದರೋ, ಯಾವಾಗ ತೀರಿಹೋದರೋ ನನಗೆ ತಿಳಿಯಲಿಲ್ಲ. ನಮ್ಮ ಹಳೆಯ ಬಿಲ್ಡಿಂಗು, ಗೋಡೌನು, ಹಿಂದಿನ ತಗಡಿನ ಬಿಲ್ಡಿಂಗು ಎಲ್ಲ ಸೇರಿಸಿ ಕೆಡವಿ, ಅದೇ ಜಾಗದಲ್ಲಿ ಈಗಿನ ಈ ಟವರು ಕಟ್ಟಿದರು. ಹಳಬರಿಗೆಂದು ಕೊಟ್ಟದ್ದರಲ್ಲಿ ನಮ್ಮ ಪಾಲಿಗೆ ಹತ್ತೊಂಬತ್ತನೆಯ ಮಹಡಿ ಬಂತು. ಲಾಟರಿ ಹೊಡೆಯಿತು ಎಂದು ಎಲ್ಲರೂ ಹೊಟ್ಟೆಕಿಚ್ಚು ಪಟ್ಟರು.

ಕೊನೆಗೂ ಗುಳಿಗೆ ನುಂಗಿದ ಮಾರನೆಯ ದಿನ, ಡಾಕ್ಟರರ ಮಾತೂ ನಡೆಯಲಿ ಎಂದು ಬೆಳಿಗ್ಗೆ ಬಿಸಿಲು ಕಾಯಲು ಕೆಳಗಿಳಿದೆ. ನಮ್ಮ ಅಂಗಳದಲ್ಲಿ ಕಾರುಗಳೇ ತುಂಬಿದ್ದವು. ಉತ್ತರದ ಗೇಟಿನಿಂದ ಆಚೆ ಹೋದರೆ ಸಾಲುಮನೆಗಳ ಒಂದು ಹಳೆಯ ಚಾಳು. ಅದರ ಕೊನೆಯ ಮನೆಯ ಹೊಸ್ತಿಲಲ್ಲಿ ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬಳು ಕಾಲು ಚಾಚಿ ಬಿಸಿಲಿನಲ್ಲಿ ಕೂತಿದ್ದಳು. ನಾನು ನಿಂತದ್ದು ನೋಡಿ, "ಬಸಾ ನಾ" ಎಂದು ಜಾಗ ಮಾಡಿಕೊಟ್ಟಳು. ಕೂತೆ. ಹೆಸರು, ಮಕ್ಕಳು, ಮಂಡಿನೋವು ಎಲ್ಲ ಆಯಿತು. ಎಲ್ಲಿರುತ್ತೀರಿ ಎಂದು ಕೇಳಿದಳು. ನಾನು ಟವರಿನ ಕಡೆ ಕೈ ತೋರಿಸಿದೆ.

ಅವಳು ಅದರ ತುದಿಯವರೆಗೂ ನೋಡಿದಳು. "ಹೀ ಬಿಲ್ಡಿಂಗ್ ಆಲೀ ತೇವ್ಹಾಪಾಸೂನ್ ಆಮಚಂ ಊನ್ ಅಕರಾಲಾ ಜಾತಂ," ಎಂದಳು. ನಿಮ್ಮದು ಬಂದಾಗಿನಿಂದ ನಮ್ಮ ಬಿಸಿಲು ಹನ್ನೊಂದಕ್ಕೆ ಹೋಗುತ್ತದೆ ಎಂದು. ಸಿಟ್ಟಿನಿಂದ ಹೇಳಿದ್ದಲ್ಲ. ನೀರು ಇಷ್ಟು ಹೊತ್ತಿಗೆ ಹೋಗುತ್ತದೆ ಎನ್ನುತ್ತಾರಲ್ಲ, ಹಾಗೆ. ಏಳೋಣ ಎನಿಸಿತು, ಏಳಲೂ ಆಗಲಿಲ್ಲ.

ನೆರಳು ಓಣಿಯ ಆ ಬದಿಯಿಂದ ಬಂತು. ಅವಳ ತುಳಸಿಯ ಡಬ್ಬ ದಾಟಿ ಮೊದಲು ನನ್ನ ಪಾದದ ಮೇಲೆ ಬಿತ್ತು. ಅವಳು ಗೋಡೆಯ ಕಡೆ ಇನ್ನಷ್ಟು ಒತ್ತಿಕೊಂಡು ಕೂತು, ತನ್ನ ಪಕ್ಕದಲ್ಲಿ ಉಳಿದಿದ್ದ ಗೇಣಗಲ ಬಿಸಿಲನ್ನು ಅಂಗೈಯಿಂದ ತಟ್ಟಿ, ಇಲ್ಲಿಗೆ ಬನ್ನಿ ಎಂದಳು.